ಇಟಾಲಿಯನ್ ಬಾಲಬೋಧೆಯ ಚರಿತ್ರೆ

ವೆನಿಸ್ ನಗರದಲ್ಲಿ ರಿಯಾಲ್ತೋ ಸೇತುವೆಯ ಮಗ್ಗುಲಿಗೆ, ಮಹಾಕಾಲುವೆಯ ನೀರಿಗೆ ಮುಖಮಾಡಿಕೊಂಡು, ನಡುವೆ ವಿಶಾಲವಾದ ತೊಟ್ಟಿಯನ್ನಿಟ್ಟುಕೊಂಡ ಹಲವು ಅಂತಸ್ತಿನ ಭವನವೊಂದು ಇಂದಿಗೂ ನಿಂತಿದೆ. ‘ಫೊಂದಾಕೊ ದೇಯ್ ತೆದೆಸ್ಕಿ’ ಎಂದು ಅದರ ಹೆಸರು. ಜರ್ಮನರ ಕೋಠಿಯೆಂದು ನಾವು ಕರೆಯಬಹುದು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿ, 1505ರಲ್ಲಿ ಅಗ್ನಿಗೆ ಆಹುತಿಯಾಗಿ, 1508ರ ವೇಳೆಗೆ ಪುನಃ ತಲೆಯೆತ್ತಿ, ಜೊರ್ಜೊನೆ ಮತ್ತು ತಿಷಿಯನ್ ಎಂಬ ಮಹಾಚಿತ್ರಕಾರರ ಕುಂಚದಿಂದ ಹೊರಗೋಡೆಗಳಿಗೆ ಅಲಂಕಾರವನ್ನು ಪಡೆದ ಈ ಕೋಠಿಯ ವೈಭವವನ್ನು ಕಲಾವಿಮರ್ಶಕರು ಬೇಕಾದಷ್ಟು ವರ್ಣಿಸಿದ್ದಾರೆ. ಅದು ಇಲ್ಲಿ ಪ್ರಸ್ತುತವಾಗುವುದು ಬೇರೊಂದು ಕಾರಣಕ್ಕಾಗಿ. ಇಟಲಿಯ ನುಡಿಯನ್ನು ಒಂದು, ಎರಡು, ಮೂರು ಎಂಬಲ್ಲಿಂದ ಮೊದಲುಮಾಡಿ ಕಲಿಯಬೇಕಾಗಿ ಬಂದ ಪರಕೀಯರಿಗೆ ಆಸರೆಯಾದ ಬಳಕೆಮಾತಿನ ಪುಸ್ತಕಗಳಲ್ಲಿ ಅತಿ ಪ್ರಾಚೀನವಾದ ಕೆಲವು ಹುಟ್ಟಿದುದು ಈ ಕೋಠಿಯ ನೆರಳಿನಲ್ಲಿಯೇ.

ವೆನಿಸಿನ ಗಣರಾಜ್ಯವು ವ್ಯಾಪಾರದ ವಿಷಯದಲ್ಲಿ ಮಹಾ ಜಾಗರೂಕವಾದುದು. ಆಲ್ಪ್ಸ್ ಪರ್ವತವನ್ನು ದಾಟಿ ಬೆಳ್ಳಿ, ತಾಮ್ರ, ಒರಟು ಹತ್ತಿಬಟ್ಟೆಗಳನ್ನು ಹೇರಿಕೊಂಡು ಬಂದ ಜರ್ಮನ್ ವರ್ತಕನು ಈ ಕೋಠಿಯಲ್ಲಿಯೇ ಇಳಿದುಕೊಳ್ಳಬೇಕು, ಸರಕನ್ನು ಇಲ್ಲಿಯೇ ಇಳಿಸಬೇಕು, ಸರ್ಕಾರವು ಗೊತ್ತುಮಾಡಿದ ದಲ್ಲಾಳಿಯ ಸಮಕ್ಷಮದಲ್ಲಿಯೇ ಮಾರಬೇಕು, ಕೊಳ್ಳಬೇಕು, ಸುಂಕವನ್ನು ತೆರಬೇಕು. ಅವನು ಹಿಂದಕ್ಕೆ ಒಯ್ಯುತ್ತಿದ್ದ ಸರಕಿನಲ್ಲಿ ಅಲೆಕ್ಸಾಂಡ್ರಿಯದ ಮಾರ್ಗವಾಗಿ ಬಂದ ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸೂ ಇರುತ್ತಿದ್ದಿತು. ದಲ್ಲಾಳಿಯು ಎಷ್ಟೇ ಪ್ರಾಮಾಣಿಕನಾಗಿರಲಿ, ಎರಡು ಭಾಷೆ ಬಲ್ಲವನು ಒಂದೇ ಭಾಷೆ ಬಲ್ಲ ಇಬ್ಬರ ನಡುವೆ ನಿಂತಾಗ ಲಾಭವು ಯಾರ ಕಡೆಗೆ ವಾಲುವುದೆಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿಲ್ಲ. ಆದುದರಿಂದ ದಕ್ಷಿಣ ಜರ್ಮನಿಯ ಸಿರಿವಂತರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ವೆನಿಸಿಗೆ ಕಳುಹಿಸಿ, ಲೆಕ್ಕಪತ್ರವನ್ನೂ ಭಾಷೆಯನ್ನೂ ಕೂಡಿಯೇ ಕಲಿಯಿಸತೊಡಗಿದರು. ಮುಂದೆ ಚಕ್ರವರ್ತಿಗಳಿಗೇ ಸಾಲ ಕೊಡುವಷ್ಟು ಬೆಳೆದ ಔಗ್ಸ್‌ಬುರ್ಗಿನ ಯಾಕೊಬ್ ಫುಗ್ಗರನೂ ಹೀಗೆ ವೆನಿಸಿನಲ್ಲಿ ಪಳಗಿದವನೇ.

ಕೋಠಿಯ ಪಕ್ಕದ ಸಂತ ಬಾರ್ತೊಲೊಮೆಯೊ ಚೌಕದಲ್ಲಿ ನ್ಯೂರೆಂಬರ್ಗಿನ ಗೆಯೊರ್ಗ್ ಎಂಬ ಉಪಾಧ್ಯಾಯನೊಬ್ಬನು ಪಾಠ ಹೇಳುತ್ತಿದ್ದನು. ವೆನಿಸಿನವರ ಬಾಯಲ್ಲಿ ಅವನು ‘ಮೇಸ್ತ್ರೊ ಜೊರ್ಜಿ’. 1424ರಲ್ಲಿ ಬರೆಯಲ್ಪಟ್ಟ ಅವನ ಪಾಠದ ಹಸ್ತಪ್ರತಿಯು ಉಳಿದುಬಂದಿದೆ. ಮುದ್ರಣಯಂತ್ರವು ಇನ್ನೂ ಹುಟ್ಟದ ಕಾಲದ ಈ ಪುಸ್ತಕವು ಮುಖ್ಯವಾಗಿ ವೆನಿಸಿನವರಿಗೆ ಜರ್ಮನ್ ಕಲಿಸಲೆಂದು ಹೊರಟುದಾದರೂ, ಎರಡು ಭಾಷೆಗಳೂ ಮುಖಾಮುಖಿಯಾಗಿ ನಿಂತಿರುವುದರಿಂದ ವಿಲೋಮವಾಗಿಯೂ ಉಪಯೋಗಕ್ಕೆ ಬರತಕ್ಕದ್ದು. ಅದರಲ್ಲಿ ವಸ್ತುಗಳ ಹೆಸರುಗಳ ಪಟ್ಟಿಗಳುಂಟು, ಕ್ರಿಯಾಪದಗಳ ರೂಪಗಳುಂಟು. ಆದರೆ ಅದರ ಪ್ರಾಣವಿರುವುದು ಸಂಭಾಷಣೆಯಲ್ಲಿ. ಬಟ್ಟೆಯ ಅಂಗಡಿಯಲ್ಲಿ ಕೊಳ್ಳುವವನೂ ಮಾರುವವನೂ ಚೌಕಾಸಿಗೆ ನಿಲ್ಲುತ್ತಾರೆ. ಬೆಲೆ ಹೆಚ್ಚಾಯಿತೆಂದು ಒಬ್ಬನು, ಇಂಥ ಮಾಲು ಬೇರೆಡೆ ಸಿಕ್ಕದೆಂದು ಇನ್ನೊಬ್ಬನು. ಅಂಗಡಿಯವನ ಮಗನನ್ನು ಎಲ್ಲಿ ಓದುತ್ತಿರುವೆಯೆಂದು ಕೇಳಿದಾಗ, ಹುಡುಗನು ಸಂತ ಬಾರ್ತೊಲೊಮೆಯೊ ಚೌಕದ ಮೇಸ್ತ್ರೊ ಜೊರ್ಜಿಯ ಶಾಲೆಯಲ್ಲೆಂದು ಹೇಳುತ್ತಾನೆ. ಪಾಠದ ಒಳಗೇ ತನ್ನ ಮಠದ ಜಾಹೀರಾತನ್ನು ಸೇರಿಸಿಕೊಂಡ ಈ ಉಪಾಧ್ಯಾಯನ ಜಾಣ್ಮೆಯನ್ನು ಮೆಚ್ಚದಿರುವುದು ಕಷ್ಟ.

ಅಲ್ಲಿಂದ ಐವತ್ತಮೂರು ವರ್ಷಗಳ ತರುವಾಯ, 1477ರಲ್ಲಿ, ರೊಟ್‌ವೈಲ್ ಊರಿನ ಆದಂ ಎಂಬ ಜರ್ಮನ್ ಮುದ್ರಕನು ವೆನಿಸಿನಲ್ಲಿಯೇ ‘ಇಂತ್ರೊಯಿತೊ ಎ ಪೊರ್ತ’ ಎಂಬ ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದನು. ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ವಿಷಯಾನುಸಾರವಾಗಿ ವರ್ಗೀಕರಿಸಿದ ಪುಸ್ತಕವದು: ಮೊದಲಿಗೆ ದೇವರು, ಬಳಿಕ ಮನುಷ್ಯ, ಅವನ ಅವಯವಗಳು, ಬಂಧುಗಳು, ಆಹಾರ, ವಸ್ತ್ರ, ಇತ್ಯಾದಿ. ಸ್ವರ್ಗವರ್ಗದಿಂದ ಆರಂಭಿಸಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಮ್ಮ ಹಿರಿಯರಿಗೆ ಈ ಕ್ರಮವು ಹೊಸದಾಗಿ ತೋರುತ್ತಿರಲಿಲ್ಲ. ಈ ಪುಸ್ತಕದ ಸಂತತಿಯೇ ದೊಡ್ಡದು. ಮೂರು ಭಾಷೆಗೆ, ಐದಕ್ಕೆ, ಏಳಕ್ಕೆ ಬೆಳೆಯುತ್ತ, ಹದಿನೇಳನೆಯ ಶತಮಾನದವರೆಗೂ ಯೂರೋಪಿನ ಊರೂರುಗಳಲ್ಲಿ ಪುನರ್ಮುದ್ರಿತವಾಗುತ್ತ ಹೋಯಿತು. ಆ ಸಂತತಿಯ ಒಂದು ಮುದ್ರಣದ ಪೀಠಿಕೆಯು, ಶಾಲೆಗೆ ಹೋಗದೆಯೇ ಕಲಿಯಬಯಸುವ ಕುಶಲಕರ್ಮಿಗಳಿಗೂ ಸ್ತ್ರೀಯರಿಗೂ ಈ ಗ್ರಂಥವು ಉಪಯುಕ್ತವೆಂದು ಸಾರುತ್ತದೆ. ವಿದ್ಯೆಯೆಂದರೆ ಲ್ಯಾಟಿನ್ನು, ಲ್ಯಾಟಿನ್ನೆಂದರೆ ಗಂಡಸರ ಸ್ವತ್ತು ಎಂಬ ಭಾವನೆಯು ದೃಢವಾಗಿದ್ದ ದಿನಗಳಲ್ಲಿ ಹೀಗೊಂದು ಮಾತು ಅಚ್ಚಾಯಿತೆಂಬುದನ್ನು ವಿದ್ಯಾಭ್ಯಾಸದ ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಾಗಿದೆ.

ಈ ಪುಸ್ತಕಗಳು ಕಲಿಸಿದ ನುಡಿ ಯಾವುದು? ದಾಂತೆಯ ಇಟಾಲಿಯನ್ ಅಲ್ಲ. ವೆನಿಸಿನ ಬೀದಿಯ ಮಾತು. ಇಂದು ಜಗತ್ತಿನಾದ್ಯಂತ ಇಟಾಲಿಯನ್ ಕಲಿಯುವವನು ಮೊಟ್ಟಮೊದಲು ಕಲಿಯುವ ‘ಚಾವ್’ ಎಂಬ ವಂದನೆಯ ಮಾತು ಕೂಡ ಆ ಬೀದಿಯಿಂದಲೇ ಬಂದುದು. ನಾನು ನಿಮ್ಮ ದಾಸನೆಂಬ ವೆನಿಸಿನ ವಿನಯದ ನುಡಿಯು ಸವೆದು ಸವೆದು ಆ ರೂಪವನ್ನು ತಾಳಿತು. ಇತ್ತ ಅಂಗಡಿಯಲ್ಲಿ ಹೀಗೆ ವ್ಯವಹಾರ ನಡೆಯುತ್ತಿದ್ದಾಗ, ಅತ್ತ ಪಂಡಿತರ ಮಂಡಲಿಯಲ್ಲಿ ಇಟಲಿಗೆ ಯೋಗ್ಯವಾದ ಭಾಷೆ ಯಾವುದೆಂಬ ವಾದವು ಕಾವೇರುತ್ತಿದ್ದಿತು. 1525ರಲ್ಲಿ ಪಿಯೆತ್ರೊ ಬೆಂಬೊ, ತಾನು ವೆನಿಸಿನವನೇ ಆಗಿದ್ದೂ, ಪದ್ಯಕ್ಕೆ ಪೆತ್ರಾರ್ಕನನ್ನೂ ಗದ್ಯಕ್ಕೆ ಬೊಕ್ಕಾಚ್ಚೊನನ್ನೂ ಪ್ರಮಾಣವಾಗಿ ಹಿಡಿಯತಕ್ಕದ್ದೆಂದು ತೀರ್ಪುಕೊಟ್ಟನು. ಎಂದರೆ ಇನ್ನೂರು ವರ್ಷಗಳಷ್ಟು ಹಿಂದಿನ ಫ್ಲಾರೆನ್ಸಿನ ಭಾಷೆಯೇ ಆದರ್ಶ. 1583ರಲ್ಲಿ ಫ್ಲಾರೆನ್ಸಿನಲ್ಲಿ ಸ್ಥಾಪಿತವಾದ ಕ್ರುಸ್ಕಾ ಪರಿಷತ್ತು ಆ ಆದರ್ಶವನ್ನೇ ಬಹುಮಟ್ಟಿಗೆ ಅನುಸರಿಸಿ, 1612ರಲ್ಲಿ ತನ್ನ ಮಹಾನಿಘಂಟನ್ನು ಹೊರತಂದಿತು. ಅದು ಅಚ್ಚಾದುದು ವೆನಿಸಿನಲ್ಲಿ.

ಇಂಗ್ಲೆಂಡಿಗೆ ಇಟಾಲಿಯನ್ ಭಾಷೆಯು ಪ್ರವೇಶಿಸಿದುದು ಸಂತೆಯ ಬಾಗಿಲಿನಿಂದಲ್ಲ, ಅರಮನೆಯ ಬಾಗಿಲಿನಿಂದ. ಮುಂದೆ ಎಲಿಜಬೆತ್ ರಾಣಿಯಾದ ರಾಜಕುಮಾರಿಯ ಪತ್ರಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು, 1544ರಲ್ಲಿ ತನ್ನ ಮಲತಾಯಿಗೆ ಬರೆದುದು, ಇಟಾಲಿಯನ್ನಿನಲ್ಲಿದೆ. ವೇಲ್ಸ್ ಪ್ರಾಂತದ ವಿಲಿಯಂ ಥಾಮಸ್ ಎಂಬಾತನು 1550ರಲ್ಲಿ ಪ್ರಕಟಿಸಿದ ವ್ಯಾಕರಣವು ಇಂಗ್ಲಿಷಿನಲ್ಲಿ ಇಟಾಲಿಯನ್ ಭಾಷೆಗೆ ಅಚ್ಚಾದ ಮೊದಲನೆಯದು. ಅದರ ಪದಕೋಶವು ಬೊಕ್ಕಾಚ್ಚೊ, ಪೆತ್ರಾರ್ಕ, ದಾಂತೆ ಇವರ ಗ್ರಂಥಗಳನ್ನು ಓದುವವನಿಗಾಗಿ ಮಾಡಿದುದು. ಹಸಿದವನಿಗೆ ರೊಟ್ಟಿಯನ್ನು ಕೇಳಿ ಪಡೆಯಲು ಅದರಿಂದ ಹೆಚ್ಚೇನೂ ನೆರವಾಗುತ್ತಿರಲಿಲ್ಲ. ನಾಲ್ಕು ವರ್ಷಗಳ ಬಳಿಕ ಥಾಮಸನು ರಾಜದ್ರೋಹದ ಆಪಾದನೆಗೆ ಸಿಕ್ಕಿ ಮರಣದಂಡನೆಗೆ ಗುರಿಯಾದನು. ಅದೇ ವರ್ಷ ಶಿರಚ್ಛೇದಕ್ಕೊಳಗಾದ ಹದಿಹರೆಯದ ವಿದುಷಿ ಲೇಡಿ ಜೇನ್ ಗ್ರೇಗೆ ಇಟಾಲಿಯನ್ ಹೇಳಿಕೊಟ್ಟವನು ಮಿಕೆಲಾಂಜೆಲೊ ಫ್ಲೋರಿಯೊ. ಇವನು ಫ್ರಾನ್ಸಿಸ್ಕನ್ ಸನ್ಯಾಸವನ್ನು ತೊರೆದು, ಸುಧಾರಿತ ಮತವನ್ನು ಸೇರಿ, ಪ್ರಾಣಭಯದಿಂದ ಲಂಡನ್ನಿಗೆ ಓಡಿಬಂದ ತಸ್ಕನಿಯವನು. ಮೇರಿ ರಾಣಿಯು ಪಟ್ಟಕ್ಕೆ ಬಂದಮೇಲೆ ಹಸುಗೂಸನ್ನು ಕಟ್ಟಿಕೊಂಡು ಅಲ್ಲಿಂದಲೂ ಓಡಿಹೋಗಬೇಕಾಯಿತು.

ಆ ಕೂಸೇ ಜಾನ್ ಫ್ಲೋರಿಯೊ. ಸ್ವಿಟ್ಜರ್ಲೆಂಡಿನ ಕಣಿವೆಯಲ್ಲಿ ಬೆಳೆದು, ಯೌವನದಲ್ಲಿ ಲಂಡನ್ನಿಗೆ ಮರಳಿದ ಈತನು 1578ರಲ್ಲಿ ‘ಪ್ರಥಮ ಫಲಗಳು’ ಎಂಬರ್ಥದ ಹೆಸರಿನಲ್ಲಿ ನಲವತ್ತನಾಲ್ಕು ಅಧ್ಯಾಯಗಳ ಸಂಭಾಷಣಾ ಪುಸ್ತಕವನ್ನು ಪ್ರಕಟಿಸಿದನು. ಪುಟದ ಒಂದು ಕಡೆಗೆ ಇಟಾಲಿಯನ್, ಇನ್ನೊಂದು ಕಡೆಗೆ ಇಂಗ್ಲಿಷು. ಶುಭೋದಯವೆಂದು ಆರಂಭವಾಗಿ, ಎಲ್ಲಿಗೆ ಹೋಗೋಣವೆಂದು ಒಬ್ಬನು ಕೇಳಿದರೆ, ‘ಬುಲ್’ ಎಂಬ ಛತ್ರದಲ್ಲಿ ನಾಟಕವಿದೆ, ಅಲ್ಲಿಗೆ ಹೋಗೋಣವೆಂದು ಇನ್ನೊಬ್ಬನು ಹೇಳುತ್ತಾನೆ. ಅಲ್ಲಿಂದ ಮಾತು ನಾಟಕ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಹರಿಯುತ್ತದೆ. ಷೇಕ್ಸ್‌ಪಿಯರನು ಇನ್ನೂ ಹದಿನಾಲ್ಕರ ಬಾಲಕನಾಗಿದ್ದಾಗ ಲಂಡನ್ನಿನ ಜನರು ನಾಟಕಕ್ಕೆ ಹೇಗೆ ಹೋಗುತ್ತಿದ್ದರೆಂಬುದಕ್ಕೆ ರಂಗಭೂಮಿಯ ಇತಿಹಾಸಕಾರರು ಇಟಾಲಿಯನ್ ಪಾಠಪುಸ್ತಕವೊಂದರ ಸಾಕ್ಷ್ಯವನ್ನು ಹಿಡಿಯುವಂತಾದುದು ವಿನೋದವಲ್ಲವೇ? ಇಂಗ್ಲಿಷು ಡೋವರ್ ಬಂದರನ್ನು ದಾಟಿದರೆ ಮೂರು ಕಾಸಿಗೂ ಬಾಳದೆಂಬ ಅಭಿಪ್ರಾಯವೂ ಆ ಪುಸ್ತಕದಲ್ಲಿಯೇ ಬರುತ್ತದೆ. ಇಂದು ಓದುವವರಿಗೆ ನಗೆ ಬರುವ ಈ ಮಾತು ಅಂದಿಗೆ ಸರಳವಾದ ಸತ್ಯವಾಗಿದ್ದಿತು.

1591ರ ‘ದ್ವಿತೀಯ ಫಲಗಳು’ ಇದಕ್ಕಿಂತ ಪ್ರೌಢವಾದುದು. ಬೆಳಗ್ಗೆ ಏಳುವುದು, ಅಂಗಿ ತರಲು ಆಳನ್ನು ಕೂಗುವುದು, ಚೆಂಡಾಟ, ಚದುರಂಗ, ಊಟ, ಕತ್ತಿವರಸೆ, ಪ್ರಯಾಣದ ಎಚ್ಚರಿಕೆ ಎಂಬಂತೆ ಹನ್ನೆರಡು ಅಧ್ಯಾಯಗಳಲ್ಲಿ ಶ್ರೀಮಂತ ತರುಣನ ದಿನಚರಿಯೆಲ್ಲ ಅದರಲ್ಲಿ ಅಡಗಿದೆ. ಮೊದಲನೆಯ ಅಧ್ಯಾಯದಲ್ಲಿ ಮಿತ್ರನು ಉಡುಪು ತೊಟ್ಟು ಸಿದ್ಧನಾಗಲೆಂದು ಕಾಯುವ ‘ನೊಲಾನೊ’ ಎಂಬ ಪಾತ್ರವೊಂದಿದೆ. ನೋಲಾ ಊರಿನ ಜೊರ್ದಾನೊ ಬ್ರೂನೊ ತನ್ನನ್ನು ಕರೆದುಕೊಳ್ಳುತ್ತಿದ್ದುದು ಆ ಹೆಸರಿನಿಂದಲೇ. ಲಂಡನ್ನಿನ ಫ್ರೆಂಚ್ ರಾಯಭಾರಿಯ ಮನೆಯಲ್ಲಿ ಅವನೂ ಫ್ಲೋರಿಯೊನೂ ಒಂದೇ ಸೂರಿನ ಕೆಳಗೆ ಬಾಳಿದ್ದರು. 1600ರಲ್ಲಿ ರೋಮಿನಲ್ಲಿ ಜೀವಂತವಾಗಿ ಸುಡಲ್ಪಟ್ಟ ಆ ದಾರ್ಶನಿಕನು, ಇಟಾಲಿಯನ್ ಕಲಿಯುವ ಇಂಗ್ಲಿಷ್ ತರುಣರ ಪಾಠದಲ್ಲಿ ಬೆಳಗಿನ ಹರಟೆಯ ಗೆಳೆಯನಾಗಿ ಉಳಿದುಕೊಂಡಿದ್ದಾನೆ. ಪುಸ್ತಕದೊಂದಿಗೆ ಆರು ಸಾವಿರ ಇಟಾಲಿಯನ್ ಗಾದೆಗಳ ಸಂಕಲನವೂ ಉಂಟು. ಗಾದೆಯನ್ನು ಅರಿಯದೆ ಭಾಷೆಯನ್ನು ಅರಿಯಲಾಗದೆಂಬ ಫ್ಲೋರಿಯೊನ ನಿಲುವನ್ನು ಕನ್ನಡಿಗರು ಒಪ್ಪದಿರಲಾರರು. ಅವನ ಎರಡು ಪುಸ್ತಕಗಳಲ್ಲಿಯೂ ಬರುವ ವೆನಿಸ್ ನಗರದ ಗಾದೆಯೊಂದನ್ನು ಷೇಕ್ಸ್‌ಪಿಯರನು ತನ್ನ ನಾಟಕದ ಒಬ್ಬ ಶಾಲಾಪಂಡಿತನ ಬಾಯಲ್ಲಿ ಇಟ್ಟಿದ್ದಾನೆ. ಬಳಿಕ 1598ರಲ್ಲಿ ಸುಮಾರು 46,000 ಪದಗಳ ನಿಘಂಟು, 1611ರಲ್ಲಿ ಅದರದೇ ಸುಮಾರು 74,000 ಪದಗಳ ವಿಸ್ತೃತ ರೂಪ, ನಡುವೆ 1603ರಲ್ಲಿ ಮೊಂತೇನನ ಪ್ರಬಂಧಗಳ ಪ್ರಸಿದ್ಧ ಭಾಷಾಂತರ, ಆ್ಯನ್ ರಾಣಿಗೆ ಇಟಾಲಿಯನ್ ಗುರುವಿನ ಪದವಿ. ಇಷ್ಟೆಲ್ಲ ಆದಮೇಲೆ, ಬರಬೇಕಾದ ವಿಶ್ರಾಂತಿವೇತನವು ಬಾರದೆ, 1625ರಲ್ಲಿ ಬಡತನದಲ್ಲಿ ತೀರಿಕೊಂಡನು. ಭಾಷೆ ಕಲಿಸಿದವರ ಗತಿಯು ಎಲ್ಲ ದೇಶಗಳಲ್ಲಿಯೂ ಹೀಗೆಯೇ ಎಂದು ತೋರುತ್ತದೆ.

ಈ ಇಟಾಲಿಯನ್ ವ್ಯಾಮೋಹವನ್ನು ಎಲ್ಲರೂ ಮೆಚ್ಚಿದರೆಂದು ಎಣಿಸಬಾರದು. ಎಲಿಜಬೆತ್ ರಾಣಿಯ ಗುರುವಾಗಿದ್ದ ರೋಜರ್ ಆಸ್ಕಂ, 1570ರಲ್ಲಿ ಮರಣೋತ್ತರವಾಗಿ ಪ್ರಕಟವಾದ ತನ್ನ ಶಿಕ್ಷಣಗ್ರಂಥದಲ್ಲಿ, ಇಟಲಿಗೆ ಹೋಗಿಬಂದ ಇಂಗ್ಲಿಷರು ಧರ್ಮವನ್ನೂ ನಡತೆಯನ್ನೂ ಕಳೆದುಕೊಂಡು ಬರುವರೆಂದು ಕಿಡಿಕಾರಿದ್ದಾನೆ. ತಾನು ಇಟಲಿಯಲ್ಲಿದ್ದುದು ಒಂಬತ್ತೇ ದಿನವೆಂದೂ, ಅಷ್ಟರಲ್ಲಿಯೇ ಲಂಡನ್ನಿನಲ್ಲಿ ಒಂಬತ್ತು ವರ್ಷಕ್ಕೂ ಕಾಣದಷ್ಟು ಸ್ವೇಚ್ಛೆಯನ್ನು ಕಂಡೆನೆಂದೂ ಅವನೇ ಹೇಳಿಕೊಳ್ಳುತ್ತಾನೆ. ಒಂಬತ್ತು ದಿನದ ಅನುಭವದ ಮೇಲೆ ಒಂದು ದೇಶದ ಚಾರಿತ್ರ್ಯವನ್ನು ನಿರ್ಣಯಿಸುವ ಧೈರ್ಯವು ಗುರುಗಳಿಗೆ ಮಾತ್ರ ಸಾಧ್ಯ. ಅವನ ಶಾಪದಿಂದ ಪುಸ್ತಕಗಳ ಮಾರಾಟಕ್ಕೇನೂ ಕುಂದು ಬಂದಂತೆ ಕಾಣುವುದಿಲ್ಲ.

ಆರಂಭದ ವಿದ್ಯಾರ್ಥಿಗೆ ಅಂದಿಗೂ ಇಂದಿಗೂ ಎಡವುವ ಕಲ್ಲೊಂದುಂಟು: ಎದುರಿಗಿರುವವರನ್ನು ಸಂಬೋಧಿಸುವ ಬಗೆ. ಇಟಾಲಿಯನ್ನಿನಲ್ಲಿ ಸಲಿಗೆಗೆ ‘ತು’, ಹಳೆಯ ಗೌರವಕ್ಕೆ ‘ವೋಯ್’; ಇವೆರಡರ ಮೇಲೆ ‘ಲೇಯ್’ ಎಂಬ ಮೂರನೆಯದೊಂದು. ‘ಲೇಯ್’ ಎಂದರೆ ಅವಳು. ಗಡ್ಡದ ಗಂಡಸನ್ನು ಎದುರಿಗಿಟ್ಟುಕೊಂಡು ಅವಳು ಎನ್ನುವುದೇ ಎಂದು ಇಂಗ್ಲಿಷರು ಕಂಗೆಡುತ್ತಾರೆ. ಕಾರಣವು ಐತಿಹಾಸಿಕವಾದುದು: ದೊರೆತನವೆಂಬರ್ಥದ ‘ಸಿನ್ಯೊರಿಯ’ ಶಬ್ದವು ಸ್ತ್ರೀಲಿಂಗ, ಹದಿನಾರನೆಯ ಶತಮಾನದಲ್ಲಿ ತಮ್ಮ ದೊರೆತನವು ಬಂದಿತು, ಕುಳಿತಿತು ಎಂದು ಆಸ್ಥಾನದಲ್ಲಿ ಮಾತನಾಡುವ ರೂಢಿಯು ಬಲಿಯಲು, ಅದರ ಸರ್ವನಾಮವೂ ಸ್ತ್ರೀಲಿಂಗದಲ್ಲಿಯೇ ಉಳಿಯಿತು. ಪ್ರಥಮಪುರುಷದ ‘ತಾವು’ ಎಂಬುದನ್ನು ಎದುರಿನವರಿಗೆ ಸಲ್ಲಿಸುವ ಕನ್ನಡಿಗನಿಗೆ ಇದರಲ್ಲಿ ಗಾಬರಿಪಡತಕ್ಕದ್ದೇನೂ ಇಲ್ಲ. ಗಾಬರಿಗೊಂಡವನು ಮುಸೊಲಿನಿ. ‘ಲೇಯ್’ ಎಂಬುದು ಪರದೇಶದಿಂದ ಬಂದ ದಾಸ್ಯದ ಮಾತೆಂದು ಬಗೆದು ಅವನ ಸರ್ಕಾರವು 1938ರಲ್ಲಿ ಅದನ್ನು ನಿಷೇಧಿಸಿ ‘ವೋಯ್’ ಅನ್ನು ಕಡ್ಡಾಯಮಾಡಿತು. ‘ಲೇಯ್’ ಎಂಬ ಹೆಸರಿನ ಸ್ತ್ರೀಯರ ಪತ್ರಿಕೆಯೊಂದು ‘ಅನ್ನಬೆಲ್ಲಾ’ ಎಂದು ಹೆಸರನ್ನೇ ಬದಲಾಯಿಸಿಕೊಳ್ಳಬೇಕಾಯಿತು. ಸರ್ವಾಧಿಕಾರವು ಬಿದ್ದಿತು, ‘ಲೇಯ್’ ಹಿಂದಿರುಗಿತು.

ಉಚ್ಚಾರಣೆಯಲ್ಲಿಯೂ ಕನ್ನಡಿಗನಿಗೆ ಅನುಕೂಲವೇ ಹೆಚ್ಚು. ಇಟಾಲಿಯನ್ ಶಬ್ದಗಳು ಬಹುಮಟ್ಟಿಗೆ ಸ್ವರಾಂತ. ಒತ್ತಕ್ಷರದ ಭೇದವು ಅರ್ಥದ ಭೇದ. ‘ಪೇನಾ’ ಎಂದರೆ ಸಂಕಟ, ‘ಪೆನ್ನಾ’ ಎಂದರೆ ಲೇಖನಿ. ಇಂಗ್ಲಿಷರ ಕಿವಿಗೆ ಎಟುಕದ ಈ ವ್ಯತ್ಯಾಸವು, ಕತೆಗೂ ಕತ್ತೆಗೂ ಅಂತರವನ್ನು ಬಲ್ಲ ನಮ್ಮ ಕಿವಿಗೆ ಹೇಳಿಕೊಡದೆಯೇ ತಿಳಿಯುತ್ತದೆ.

ಕಲಿಕೆಯು ಒಮ್ಮುಖವಾಗಿ ನಡೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಫಿಲಿಪ್ಪೊ ಸಸ್ಸೆತ್ತಿಯೆಂಬ ಫ್ಲಾರೆನ್ಸಿನ ವರ್ತಕನು 1583ರಲ್ಲಿ ಕೊಚ್ಚಿಗೆ ಬಂದಿಳಿದು, ಮೆಣಸಿನ ವ್ಯಾಪಾರದ ನಡುವೆಯೇ ಪಂಡಿತರ ಭಾಷೆಯ ವಿಚಾರವಾಗಿ ಕುತೂಹಲವನ್ನು ತಾಳಿದನು. ತನ್ನ ಭಾಷೆಯ ‘ಸೇಯ್, ಸೆತ್ತೆ, ಒತ್ತೊ, ನೋವೆ’ಗಳಿಗೂ ಸಂಸ್ಕೃತದ ಷಟ್, ಸಪ್ತ, ಅಷ್ಟ, ನವಗಳಿಗೂ, ‘ದಿಯೊ’ಗೂ ದೇವನಿಗೂ, ‘ಸೆರ್ಪೆ’ಗೂ ಸರ್ಪಕ್ಕೂ ಇರುವ ಹೋಲಿಕೆಯನ್ನು ಅವನು ಊರಿಗೆ ಬರೆದ ಪತ್ರದಲ್ಲಿ ಗುರುತಿಸಿದನು. ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಭಾಷಾಬಾಂಧವ್ಯದ ಪ್ರಸಿದ್ಧ ಉಪನ್ಯಾಸವನ್ನು ಮಾಡುವುದಕ್ಕೆ ಸರಿಸುಮಾರು ಇನ್ನೂರು ವರ್ಷ ಮೊದಲಿನ ಮಾತಿದು. ಸಸ್ಸೆತ್ತಿಯು 1588ರಲ್ಲಿ ಗೋವೆಯಲ್ಲಿ ಮೃತನಾದನು. ಪಂಡಿತಲೋಕವು ಅವನ ಪತ್ರವನ್ನು ಬಹುಕಾಲ ಗಮನಿಸಲಿಲ್ಲ. ಇನ್ನೊಬ್ಬನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. ಪೋರ್ಚುಗೀಸ್ ರಾಯಭಾರಿಯೊಡನೆ 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಈತನು, ಘಟ್ಟದ ದೇವಾಲಯವೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಬರೆಯುತ್ತ, ಬರೆದುದನ್ನು ಒಕ್ಕೊರಲಿನಿಂದ ಹಾಡುತ್ತ, ಗುರುವಿನ ಹಂಗಿಲ್ಲದೆ ಪರಸ್ಪರ ಲೆಕ್ಕವನ್ನು ಕಲಿಯುತ್ತಿದ್ದುದನ್ನು ಕಂಡು, ನೇಪಲ್ಸಿನ ತನ್ನ ವೈದ್ಯಮಿತ್ರನಿಗೆ ಬರೆದ ಪತ್ರದಲ್ಲಿ ಆ ಕ್ರಮವನ್ನು ಮನಸಾರೆ ಶ್ಲಾಘಿಸಿದನು. ನಮ್ಮ ಮರಳಕ್ಷರದ ವಿದ್ಯೆಗೆ ದೊರೆತ ಸೊಗಸಾದ ಸಾಕ್ಷ್ಯವೊಂದು ಹೀಗೆ ಇಟಾಲಿಯನ್ ಗದ್ಯದಲ್ಲಿದೆ.

ಹದಿನೆಂಟನೆಯ ಶತಮಾನದ ವೇಳೆಗೆ ವರ್ತಕನ ಸ್ಥಾನಕ್ಕೆ ಪ್ರವಾಸಿಯೂ ಸಂಗೀತರಸಿಕನೂ ಬಂದರು. ಉಪಾಧ್ಯಾಯರಾಗಿ ನಿಂತವರು ಸಾಹಿತಿಗಳು. ತೊರಿನೊ ನಗರದ ಜುಸೆಪ್ಪೆ ಬರೆತ್ತಿ ಲಂಡನ್ನಿನಲ್ಲಿ 1760ರಲ್ಲಿ ನಿಘಂಟನ್ನೂ, 1775ರಲ್ಲಿ ತನ್ನ ಶಿಷ್ಯೆಯಾದ ಹುಡುಗಿಯೊಬ್ಬಳಿಗಾಗಿ ಲವಲವಿಕೆಯ ಸಂಭಾಷಣೆಗಳನ್ನೂ ಬರೆದನು. ನಡುವೆ 1769ರಲ್ಲಿ, ಬೀದಿಜಗಳದಲ್ಲಿ ಹಣ್ಣು ಕೊಯ್ಯುವ ಚಾಕುವಿನಿಂದ ಒಬ್ಬನನ್ನು ಇರಿದು ಕೊಂದ ಆಪಾದನೆಗೆ ಸಿಕ್ಕಿ, ಜಾನ್ಸನ್, ಬರ್ಕ್, ಗ್ಯಾರಿಕ್, ಗೋಲ್ಡ್‌ಸ್ಮಿತ್ ಮೊದಲಾದವರ ಸಾಕ್ಷ್ಯದ ಬಲದಿಂದ ಬಿಡುಗಡೆ ಪಡೆದನು. ನಾಟಕಕಾರ ಗೊಲ್ದೊನಿ ವೆರ್ಸೈ ಅರಮನೆಯ ರಾಜಕುಮಾರಿಯರಿಗೆ ಇಟಾಲಿಯನ್ ಹೇಳಿದನು. ಮೋಟ್ಸಾರ್ಟನ ಮೂರು ಗೇಯನಾಟಕಗಳಿಗೆ ಸಾಹಿತ್ಯವನ್ನು ರಚಿಸಿಕೊಟ್ಟ ಲೊರೆಂತ್ಸೊ ದ ಪೊಂತೆ, ಸಾಲಗಾರರಿಗೆ ಅಂಜಿ 1805ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ದಿನಸಿ ಅಂಗಡಿಯನ್ನಿಟ್ಟು ನಷ್ಟಹೊಂದಿ, ನ್ಯೂಯಾರ್ಕಿನಲ್ಲಿ ಮನೆಪಾಠ ಹೇಳಿ, 1825ರಲ್ಲಿ ಕೊಲಂಬಿಯಾ ಕಾಲೇಜಿನ ಪ್ರಥಮ ಇಟಾಲಿಯನ್ ಪ್ರಾಧ್ಯಾಪಕನಾದನು. ಸಂಬಳವಿಲ್ಲದ ಪ್ರಾಧ್ಯಾಪಕತ್ವ ಅದು. ವಿದ್ಯಾರ್ಥಿಗಳು ಕೊಟ್ಟ ಶುಲ್ಕವೇ ವರಮಾನ.

ಇಷ್ಟೆಲ್ಲ ಪರಕೀಯರು ಇಟಾಲಿಯನ್ ಕಲಿಯುತ್ತಿದ್ದ ಕಾಲದಲ್ಲಿ ಇಟಲಿಯವರೇ ಎಷ್ಟು ಮಂದಿ ಅದನ್ನು ಬಲ್ಲವರಾಗಿದ್ದರು? ಈ ಚರಿತ್ರೆಯಲ್ಲಿ ನನಗೆ ಅತ್ಯಂತ ವಿಸ್ಮಯಕರವಾಗಿ ಕಾಣುವ ಅಂಶವಿದು. ಇಟಲಿಯು ಒಂದು ರಾಜ್ಯವಾಗಿ 1861ರಲ್ಲಿ ಉದಯಿಸಿದಾಗ, ಮಹಾಕಾವ್ಯಗಳ ಆ ಭಾಷೆಯನ್ನು ಮಾತನಾಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರವೆಂದು ತುಲ್ಲಿಯೊ ದೆ ಮೌರೊ ಲೆಕ್ಕಹಾಕಿದನು. ಬೇರೆ ವಿದ್ವಾಂಸರ ಉದಾರವಾದ ಗಣನೆಯೂ ನೂರಕ್ಕೆ ಹತ್ತನ್ನು ಮೀರುವುದಿಲ್ಲ. ಉಳಿದವರಿಗೆಲ್ಲ ನೇಪಲ್ಸಿನ ಮಾತು, ಸಿಸಿಲಿಯ ಮಾತು, ವೆನಿಸಿನ ಮಾತು. ಹೊಸ ರಾಜ್ಯದ ಪ್ರಥಮ ಅರಸನೇ ಪಿಯೆಮೊಂತೆ ಸೀಮೆಯ ಮಾತಿನಲ್ಲಿಯೂ ಫ್ರೆಂಚಿನಲ್ಲಿಯೂ ಹೆಚ್ಚು ಸಲೀಸು. ಅವನ ಮಹಾಮಂತ್ರಿ ಕವೂರನಿಗೂ ಫ್ರೆಂಚೇ ಸುಲಭ. ಮಿಲಾನಿನ ಅಲೆಸ್ಸಾಂದ್ರೊ ಮಂತ್ಸೊನಿ, ಇಟಾಲಿಯನ್ ಕಾದಂಬರಿಯ ಪಿತಾಮಹನೆನಿಸಿದವನು, 1827ರಲ್ಲಿ ತನ್ನ ಕಾದಂಬರಿಯನ್ನು ಪ್ರಕಟಿಸಿದ ಬಳಿಕ, ತನ್ನ ಭಾಷೆಯು ಪುಸ್ತಕದ ಭಾಷೆಯೇ ಹೊರತು ಬಾಯಿಯ ಭಾಷೆಯಲ್ಲವೆಂದು ಅರಿತು ಫ್ಲಾರೆನ್ಸಿಗೆ ಹೋದನು. ಬಟ್ಟೆಯನ್ನು ಅಲ್ಲಿನ ಆರ್ನೋ ನದಿಯಲ್ಲಿ ಜಾಲಿಸಿಕೊಂಡೆನೆಂಬುದು ಅವನದೇ ಮಾತು. ಆಮೇಲೂ ಫ್ಲಾರೆನ್ಸಿನವಳಾದ ಎಮಿಲಿಯಾ ಲೂತಿ ಎಂಬ ಉಪಾಧ್ಯಾಯಿನಿಯನ್ನು ಕೇಳಿ ಕೇಳಿ ಪದಪದವನ್ನೂ ತಿದ್ದಿ, 1840ರಿಂದ 1842ರವರೆಗೆ ಹೊಸ ಪಾಠವನ್ನು ಪ್ರಕಟಿಸಿದನು. ಮಹಾಲೇಖಕನೊಬ್ಬನು ನಡುವಯಸ್ಸು ಕಳೆದ ಮೇಲೆ ತನ್ನದೇ ದೇಶದ ಭಾಷೆಗೆ ವಿದ್ಯಾರ್ಥಿಯಾಗಿ ಕುಳಿತ ದೃಷ್ಟಾಂತವು ಸಾಹಿತ್ಯಚರಿತ್ರೆಯಲ್ಲಿ ವಿರಳ. 1868ರಲ್ಲಿ ಅವನು ಸರ್ಕಾರಕ್ಕೆ ಒಪ್ಪಿಸಿದ ವರದಿಯು, ತಸ್ಕನಿಯ ಉಪಾಧ್ಯಾಯರನ್ನು ದೇಶದಲ್ಲೆಲ್ಲ ಹರಡಿ, ಫ್ಲಾರೆನ್ಸಿನ ಜೀವಂತ ನುಡಿಯನ್ನೇ ಎಲ್ಲರಿಗೂ ಕಲಿಸಬೇಕೆಂದಿತು. ಭಾಷೆಯನ್ನು ಆಜ್ಞೆಯಿಂದ ಹರಡಲಾಗದೆಂದು 1873ರಲ್ಲಿ ಅಸ್ಕೊಲಿ ಎಂಬ ಭಾಷಾಶಾಸ್ತ್ರಜ್ಞನು ಅದನ್ನು ಖಂಡಿಸಿದನು. ಅಸ್ಕೊಲಿಯದೇ ಸರಿಯೆಂಬುದು ನನ್ನ ಮತ. 1877ರ ಕಾನೂನು ಶಾಲೆಯನ್ನು ಕಡ್ಡಾಯಮಾಡಿತಾದರೂ, ಇಟಲಿಯ ಜನಸಾಮಾನ್ಯರಿಗೆ ಇಟಾಲಿಯನ್ ಕಲಿಸಿದವು ಸೈನ್ಯದ ಪಾಳೆಯ, ಕಾರ್ಖಾನೆ, ವಲಸೆ, ವೃತ್ತಪತ್ರಿಕೆ, ಚಲನಚಿತ್ರ, ರೇಡಿಯೋಗಳೇ ಹೆಚ್ಚಾಗಿ.

ಕೊನೆಯದಾಗಿ ಬಂದುದು ದೂರದರ್ಶನ. ಅಲ್ಬೆರ್ತೊ ಮಂತ್ಸಿ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯನು 1960ರಿಂದ 1968ರವರೆಗೆ, ಕಲಿಯಲು ಕಾಲ ಮೀರುವುದೆಂಬುದಿಲ್ಲವೆಂಬ ಅರ್ಥದ ಹೆಸರಿನ ಕಾರ್ಯಕ್ರಮದಲ್ಲಿ, ಅಕ್ಷರವರಿಯದ ವಯಸ್ಕರಿಗೆ ಸಂಜೆಯ ವೇಳೆ ಓದುಬರಹವನ್ನೂ ದೇಶಭಾಷೆಯನ್ನೂ ಕಲಿಸಿದನು. ದೊಡ್ಡ ಕಾಗದದ ಮೇಲೆ ಇದ್ದಿಲಿನಿಂದ ಒಂದು ಚಿತ್ರವನ್ನು ಸರಸರನೆ ಬರೆಯುವುದು, ಅದೇನೆಂದು ಊಹಿಸಲು ಬಿಡುವುದು, ಬಳಿಕ ಅದರ ಹೆಸರನ್ನು ನಿಧಾನವಾಗಿ ಉಚ್ಚರಿಸಿ ಬರೆದು ತೋರಿಸುವುದು, ಇಷ್ಟೇ ಅವನ ಪದ್ಧತಿ. ಆ ಪಾಠಗಳಲ್ಲಿ ಕೆಲವು ಇಟಲಿಯ ಪ್ರಸಾರ ಸಂಸ್ಥೆಯ ಭಂಡಾರದಲ್ಲಿ ಉಳಿದಿವೆ. ಇಟಾಲಿಯನ್ ಕಲಿಯಬೇಕೆಂಬ ಅಪೇಕ್ಷೆಯುಳ್ಳ ಕನ್ನಡದ ವಾಚಕರು ವ್ಯಾಕರಣದ ಕೋಷ್ಟಕಗಳಿಗೆ ಕೈಹಾಕುವ ಮುನ್ನ ಮಂತ್ಸಿಯ ಎರಡು ಪಾಠಗಳನ್ನಾದರೂ ಹುಡುಕಿ ನೋಡಬೇಕು; ಅನಂತರ ಫ್ಲೋರಿಯೊನ ಸಂಭಾಷಣೆಗಳಿಗೆ ಹೋದರೆ ಸಾಕು.